ಐವತ್ತು ನಿಮಿಷ ಮುಚ್ಚಿದ್ದ ಗೇಟಿನ ಬಗ್ಗೆ, ಶಾಂತಿ ಮಂಡಳಿಯ ನಿರ್ದೇಶಕರಿಗೆ

ಅಂತರರಾಷ್ಟ್ರೀಯ ಶಾಂತಿ ಮತ್ತು ಪರಿಹಾರ ಮಂಡಳಿಯ ಮಾನ್ಯ ನಿರ್ದೇಶಕರೇ,

ಕಳೆದ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಟೆಕ್ಸಾಸಿನ ಸೌತ್‌ಲೇಕಿನ ಸಭಾಂಗಣದಲ್ಲಿ, ಮುನ್ನೂರು ಕನ್ನಡಿಗರ ಮುಂದೆ ನಿಂತು ನೀವು ಸುಳ್ಳು ಹೇಳಿದಿರಿ. ಅದನ್ನು ಸ್ಪಷ್ಟವಾದ, ಸುಂದರವಾದ ಕನ್ನಡದಲ್ಲಿ ಹೇಳಿದಿರಿ. ಆದ್ದರಿಂದ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಆಸ್ಟಿನ್ ಕಚೇರಿಗೆ ಇಂಗ್ಲಿಷಿನಲ್ಲಿ ನಾಲ್ಕು ಪತ್ರ ಬರೆದು ನೋಡಿದೆ. ನಾಲ್ಕಕ್ಕೂ ಒಂದೇ ಉತ್ತರ ಬಂತು: ನಿಮ್ಮ ಕಾಳಜಿಗೆ ಧನ್ಯವಾದಗಳು. ನಾನು ಕಾಳಜಿ ತೋರಿಸಲು ಬರೆದಿರಲಿಲ್ಲ. ಒಂದು ಪ್ರಶ್ನೆ ಕೇಳಲು ಬರೆದಿದ್ದೆ. ಈಗ ಅದನ್ನೇ ಎಲ್ಲರ ಮುಂದೆ ಕೇಳುತ್ತಿದ್ದೇನೆ.

ಅಂದಿನ ನಿಮ್ಮ ಭಾಷಣ ಚೆನ್ನಾಗಿತ್ತು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ, ವ್ಯಂಗ್ಯಕ್ಕೆ ಮುಂದೆ ಬೇಕಾದಷ್ಟು ಜಾಗವಿದೆ. ರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ನೀವು ಮೈಸೂರಿನ ಬಾಲ್ಯ ನೆನೆದಿರಿ, ಮಕ್ಕಳ ನೃತ್ಯ ಹೊಗಳಿದಿರಿ, ಆಮೇಲೆ ಪರದೆಯ ಮೇಲೆ ಮಂಡಳಿಯ ಸಾಧನೆಗಳನ್ನು ಒಂದೊಂದಾಗಿ ತೋರಿಸಿದಿರಿ. ಲಸಿಕೆ ಹಾಕಿಸಿಕೊಂಡ ಮಕ್ಕಳು, ನೀರಿನ ಟ್ಯಾಂಕರುಗಳು, ಡೇರೆಯೊಳಗಿನ ಶಾಲೆ. ಕೊನೆಗೆ ಒಂದು ಫೋಟೋ ಬಂತು. ಮುಳ್ಳುತಂತಿ ಸುತ್ತಿದ ಕಬ್ಬಿಣದ ಗೇಟು. ನಮಗೆ ಬೆನ್ನು ಮಾಡಿ ನಿಂತ ಒಬ್ಬ ಸೈನಿಕ. ಅವನ ಪಕ್ಕದಿಂದ ಒಳಗೆ ನುಗ್ಗುತ್ತಿರುವ ಹೆಂಗಸರು, ಮಕ್ಕಳು, ತಲೆಯ ಮೇಲೆ ಚಾಪೆಯ ಸುರುಳಿ. ನೀವು ದನಿ ತಗ್ಗಿಸಿ ಹೇಳಿದಿರಿ: "ಆ ಬೆಳಿಗ್ಗೆ ನಮ್ಮ ಮಂಡಳಿ ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಗೇಟು ತೆರೆದೆವು. ಆರುನೂರ ಹನ್ನೆರಡು ಜೀವ ಉಳಿಯಿತು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ ನನ್ನ ಒಂಬತ್ತು ವರ್ಷದ ಮಗಳು ನಿಶಿತಾ ಪಕ್ಕದಲ್ಲಿದ್ದ ಅಜ್ಜನ ತೋಳು ಹಿಡಿದು ಜಗ್ಗಿದಳು. "ಅಜ್ಜಾ, ದಟ್ಸ್ ಯೂ!" ಎಂದಳು.

ಅಕ್ಕಪಕ್ಕದವರು ನಕ್ಕರು. ಮಕ್ಕಳಿಗೆ ಯೂನಿಫಾರ್ಮ್ ತೊಟ್ಟವರೆಲ್ಲ ಒಂದೇ ಥರ ಕಾಣುತ್ತಾರೆ ಎಂದುಕೊಂಡಿರಬೇಕು. ಆದರೆ ನನ್ನ ಮಗಳು ತಪ್ಪು ಹೇಳಿರಲಿಲ್ಲ. ಎಡ ಭುಜ ಬಲಕ್ಕಿಂತ ಎರಡು ಬೆರಳು ಇಳಿದಿರುವ ಆ ಬೆನ್ನಿನ ಮೇಲೆ ಅವಳು ಎಷ್ಟು ಸಲ ಕೂಸುಮರಿ ಆಡಿದ್ದಾಳೋ. ಅದು ನನ್ನ ಅಪ್ಪನ ಬೆನ್ನು. ನಿವೃತ್ತ ಸುಬೇದಾರ್ ಬಾಳಪ್ಪ ಕಲ್ಲೋಳಿ, ಬೆಳಗಾವಿ ಜಿಲ್ಲೆ. ಅವ್ವ ತೀರಿಕೊಂಡ ಮೇಲೆ ಪ್ರತಿ ವರ್ಷ ಚಳಿಗಾಲದ ಮೂರು ತಿಂಗಳು ಫಾರ್ಮರ್ಸ್ ಬ್ರಾಂಚಿನ ನಮ್ಮ ಮನೆಗೆ ಬಂದು ಇರುತ್ತಾರೆ. ನೀವು ಸಾಧನೆಯೆಂದು ತೋರಿಸಿದ ಆ ಕೆಲಸಕ್ಕಾಗಿಯೇ ಎಂಟು ವರ್ಷದ ಹಿಂದೆ ನಿಮ್ಮ ಮಂಡಳಿ ಅವರ ಮೇಲೆ ಶಿಸ್ತುಭಂಗದ ಕಾಗದ ಬರೆದು, ಅವಧಿಗೆ ಮುಂಚೆ ವಿಮಾನ ಹತ್ತಿಸಿ ಮನೆಗೆ ಕಳಿಸಿತ್ತು.

ಪ್ರಶ್ನೋತ್ತರದ ಹೊತ್ತಿಗೆ ನಾನು ಎದ್ದು ನಿಂತೆ. ನಿಮಗೆ ನೆನಪಿರಬಹುದು, ಹಸಿರು ಸೀರೆ. "ಸರ್, ಗೇಟು ತೆರೆದವರು ಯಾರು?" ಎಂದು ಕೇಳಿದೆ.

"ಒಳ್ಳೆಯ ಪ್ರಶ್ನೆ," ಎಂದಿರಿ. "ಇಂಥ ಸಂದರ್ಭಗಳಲ್ಲಿ ಒಬ್ಬ ವ್ಯಕ್ತಿ ಅಂತ ಇರೋದಿಲ್ಲಮ್ಮ. ಅದು ಇಡೀ ಸಂಸ್ಥೆಯ ನಿರ್ಧಾರ."

ನಾನು ಇನ್ನೊಂದು ಪ್ರಶ್ನೆ ಕೇಳಹೊರಟೆ. ಅಪ್ಪ ನನ್ನ ಸೆರಗು ಹಿಡಿದು ಎಳೆದರು. "ಸುಮ್ನ ಕೂಡವಾ ಕುಮುದಾ. ಹಬ್ಬದ ಮನಿ ಇದು," ಎಂದರು. ನಾನು ಕೂತೆ. ಊಟದ ಸಾಲಿನಲ್ಲಿ ನೀವು ನಮ್ಮ ಹತ್ತಿರವೇ ಬಂದಿರಿ. ಅಪ್ಪನ ಕೈ ಕುಲುಕಿ, ಒಂದು ಗಳಿಗೆ ಮುಖ ನೋಡಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ," ಎಂದಿರಿ.

"ಇರಬೋದ್ರಿ," ಎಂದರು ಅಪ್ಪ.

ನೀವು ಮುಂದಿನವರ ಕೈ ಕುಲುಕಲು ಹೋದಿರಿ. ನೀವು ನಿಜವಾಗಿಯೂ ಗುರುತಿಸಲಿಲ್ಲವೋ, ಗುರುತಿಸಿಯೂ ದಾಟಿಹೋದಿರೋ, ಇಂದಿಗೂ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ನಿಮ್ಮ ಮರ್ಯಾದೆಗೆ ಕಡಿಮೆ ಧಕ್ಕೆಯೋ ಅದನ್ನೇ ಆಯ್ದುಕೊಳ್ಳಿ.

ಮನೆಗೆ ಡ್ರೈವ್ ಮಾಡುವಾಗ ನನ್ನ ಗಂಡ ಉಲ್ಲಾಸ್ ರೇಡಿಯೋ ಆರಿಸಿದ. ಎಂಟು ವರ್ಷ ಬಾಯಿ ಬಿಡದ ಅಪ್ಪ ಆ ಹೆದ್ದಾರಿಯಲ್ಲಿ ಮಾತಾಡಿದರು. ಅದಕ್ಕೆ ಮುಂಚೆ ನಾವು ಎಷ್ಟು ಕೇಳಿದರೂ ಒಂದೇ ಮಾತು: "ಏನಿಲ್ಲವಾ, ಒಂದ ಗೇಟ್ ತಗದ್ನಿ. ಅವ್ರಿಗೆ ಸೇರಲಿಲ್ಲ." ಊರಿನಲ್ಲಿ ಜನ "ಬಾಳಪ್ಪನ್ನ ಫಾರಿನ್ನಿಂದ ವಾಪಸ್ ಕಳಿಸ್ಯಾರಂತ, ಏನ ಮಾಡ್ಯಾನೋ ಏನೋ" ಎಂದು ಆಡಿಕೊಂಡಾಗಲೂ ಅವರು ತುಟಿ ಬಿಚ್ಚಿರಲಿಲ್ಲ. ನಾನು ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡುವವಳು. ಯಾವ ಗಳಿಗೆಗೆ ಏನಾಯಿತು ಎಂದು ಕೇಳಿಯೇ ಕೇಳುತ್ತೇನೆ. ಕೇಳಿದೆ. ಅಪ್ಪನ ಹಳೆಯ ಜೇಬುಡೈರಿಯಲ್ಲಿ ಗಂಟೆ, ನಿಮಿಷ ಎಲ್ಲ ಇದ್ದವು. ಅಂದು ಅವರ ಜೊತೆ ಗೇಟಿನಲ್ಲಿದ್ದ ಹವಾಲ್ದಾರ್ ಮೋಹನರಾಜ ಈಗ ಮೈಸೂರಿನಲ್ಲಿದ್ದಾರೆ. ಅವರಿಗೂ ಫೋನ್ ಮಾಡಿ, ಒಂದೊಂದು ಗಳಿಗೆಯನ್ನೂ ಕೇಳಿ, ಬರೆಸಿಕೊಂಡಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಯನ್ನು ನಿಮಗೇ ಹೇಳುವುದು ದಡ್ಡತನ. ಆದರೆ ಚಪ್ಪಾಳೆ ತಟ್ಟಿದ ಮುನ್ನೂರು ಜನಕ್ಕೆ ಗೊತ್ತಿಲ್ಲವಲ್ಲ.

ಆ ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ನೆಂಟರಿರುವವರು ಬೇಡವೆಂದಿದ್ದಾರೆ. ಆಫ್ರಿಕಾದ ಒಂದು ಸಣ್ಣ ಪೇಟೆ, ಪೇಟೆಯ ಹೊರಗೆ ಮಂಡಳಿಯ ಕಾವಲು ನೆಲೆ. ಭಾರತದ ಪಲ್ಟನ್ನಿನಿಂದ ಮಂಡಳಿಗೆ ಎರವಲು ಬಂದ ಮೂವತ್ತೆರಡು ಸೈನಿಕರು, ಒಂದು ಸಣ್ಣ ಆಸ್ಪತ್ರೆ, ಒಬ್ಬ ನರ್ಸ್. ನೆಲೆಯ ಕ್ಯಾಪ್ಟನ್ ಆಹಾರದ ಲಾರಿಗಳಿಗೆ ಬೆಂಗಾವಲಾಗಿ ಹಿಂದಿನ ದಿನವೇ ಹೋಗಿದ್ದರಿಂದ ಹೊಣೆ ಅಪ್ಪನ ಮೇಲಿತ್ತು. ಬೆಳಿಗ್ಗೆ ಎಂಟರ ಸುಮಾರಿಗೆ ಹೊಳೆಯ ಕಡೆಯಿಂದ ಬಂದೂಕು, ಮಚ್ಚು ಹಿಡಿದ ಗುಂಪು ಪೇಟೆಗೆ ನುಗ್ಗಿತು. ಜನ ಓಡಿದರು. ಎಲ್ಲಿಗೆ ಓಡುತ್ತಾರೆ? ನಿಮ್ಮ ಬಾವುಟ ಹಾರುತ್ತಿದ್ದ ಕಡೆಗೆ. ಆ ಬಾವುಟದ ಕೆಳಗೆ ರಕ್ಷಣೆಯಿದೆ ಎಂದು ಅವರಿಗೆ ಹೇಳಿಕೊಟ್ಟವರು ನೀವೇ. ಪೇಟೆಯ ಗೋಡೆಗಳ ಮೇಲೆ ಚಿತ್ರ ಬರೆಸಿ, ಶಾಲೆಯಲ್ಲಿ ಹಾಡು ಕಲಿಸಿ ಹೇಳಿಕೊಟ್ಟಿದ್ದಿರಿ.

ಹತ್ತು ನಿಮಿಷದಲ್ಲಿ ಗೇಟಿನ ಹೊರಗೆ ನೂರಾರು ಜನ. ವಲಯ ಕಚೇರಿಯ ಅನುಮತಿಯಿಲ್ಲದೆ ನಾಗರಿಕರನ್ನು ಒಳಗೆ ಬಿಡಕೂಡದೆಂಬುದು ನಿಮ್ಮ ಕಾಯಂ ಆದೇಶ. ಎಂಟು ಹತ್ತಕ್ಕೆ ಅಪ್ಪ ರೇಡಿಯೋದಲ್ಲಿ ಅನುಮತಿ ಕೇಳಿದರು. ಉತ್ತರ: "ಕಾಯಿರಿ." ಎಂಟೂ ಇಪ್ಪತ್ತೈದಕ್ಕೆ ಮತ್ತೆ ಕೇಳಿದರು. ಉತ್ತರ: "ನಾಗರಿಕರಿಗೆಂದು ಶಿಬಿರ ಇದೆ. ಅಲ್ಲಿಗೆ ಹೋಗಲು ತಿಳಿಸಿ." ಆ ಶಿಬಿರ ಒಂಬತ್ತು ಕಿಲೋಮೀಟರ್ ದೂರದಲ್ಲಿತ್ತು, ನಡುವೆ ಮಚ್ಚು ಹಿಡಿದವರಿದ್ದರು. ಕೂಸು ಕಟ್ಟಿಕೊಂಡ ಹೆಂಗಸರಿಗೆ ಒಂಬತ್ತು ಕಿಲೋಮೀಟರಿನ ದಾರಿ ತೋರಿಸುವ ಕೈಬರಹದ ನಕ್ಷೆಯನ್ನೂ ನೀವು ಕಳಿಸಲಿಲ್ಲವಲ್ಲ, ಅದೊಂದು ಕೊರತೆಯಾಯಿತು.

ಎಂಟೂ ನಲವತ್ತಕ್ಕೆ ಅಪ್ಪ ಮೂರನೆಯ ಸಲ ರೇಡಿಯೋ ಎತ್ತಿದರು. ಈ ಸಲ ಕನ್ನಡದಲ್ಲಿ ಕೇಳಿದರು. ಯಾಕೆಂದರೆ ಆ ತುದಿಯ ದನಿ ಯಾರದೆಂದು ಅವರಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ವಲಯ ಕಚೇರಿಯ ಅಧಿಕಾರಿಯೊಬ್ಬರು ನೆಲೆಯ ತಪಾಸಣೆಗೆ ಬಂದಿದ್ದರು. ಕನ್ನಡದವರೆಂದು ತಿಳಿದು ಅಪ್ಪನಿಗೆ ಹಿಗ್ಗೋ ಹಿಗ್ಗು. ರಜೆಯಿಂದ ಬಂದವನೊಬ್ಬ ತಂದಿದ್ದ ಜೋಳದ ಹಿಟ್ಟಿನಲ್ಲಿ ತಾವೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ ಉಣ್ಣಿಸಿದ್ದರು. ಹೊರಡುವಾಗ ಆ ಅಧಿಕಾರಿ ಹೆಗಲ ಮೇಲೆ ಕೈಯಿಟ್ಟು, "ಬಾಳಪ್ಪನವರೇ, ಏನೇ ಕಷ್ಟ ಬಂದರೂ ನೇರ ನನಗೇ ಹೇಳಿ," ಎಂದಿದ್ದರು.

ಹೌದು ಮಾನ್ಯರೇ, ಆ ರೊಟ್ಟಿ ಉಂಡವರು ನೀವು. ಅಂದು ರೇಡಿಯೋದ ಆ ತುದಿಯಲ್ಲಿ ಕರ್ತವ್ಯದ ಮೇಲಿದ್ದವರೂ ನೀವೇ.

ಅಪ್ಪ ಕೇಳಿದ ಮಾತನ್ನು ಮೋಹನರಾಜ ಇನ್ನೂ ಅಕ್ಷರ ಬಿಡದೆ ಹೇಳುತ್ತಾರೆ: "ಸಾಹೇಬ್ರ, ನಾನ್ರಿ ಬಾಳಪ್ಪ. ಹೆಣ್ಮಕ್ಳು, ಕೂಸುಗಳು ಗೇಟ್ ಹಿಡಕೊಂಡ ಅಳಾಕತ್ತಾವ್ರಿ. ಹಿಂದ ಮೋರಿ ಹತ್ರ ಕಡ್ಯಾಕತ್ತಾರ. ನಿಮ್ಮ ಕಾಲ ಬೀಳ್ತೀನ್ರಿ, ಹೂಂ ಅನ್ರಿ."

ನೀವು ಇಂಗ್ಲಿಷಿನಲ್ಲಿ ಉತ್ತರಿಸಿದಿರಿ. "ರೇಡಿಯೋ ಶಿಸ್ತು ಪಾಲಿಸಿ. ನಿಗದಿತ ಭಾಷೆಯಲ್ಲಿ ಮಾತಾಡಿ. ಗೇಟು ಮುಚ್ಚಿರಲಿ."

ಅಪ್ಪ ಇನ್ನೂ ಇಪ್ಪತ್ತು ನಿಮಿಷ ಕಾದರು. ಇದನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಅಪ್ಪನನ್ನು ಹೀರೋ ಮಾಡಲು ಈ ಪತ್ರ ಬರೆಯುತ್ತಿಲ್ಲ. ಇಪ್ಪತ್ತೆಂಟು ವರ್ಷ ಹುಕುಂ ಪಾಲಿಸಿದ ಮನುಷ್ಯ, ಪಾಲಿಸಬಾರದ ಹುಕುಂ ಒಂದು ಬಂದಾಗ ಅದನ್ನೂ ಇಪ್ಪತ್ತು ನಿಮಿಷ ಪಾಲಿಸಿದರು. ಒಂಬತ್ತಕ್ಕೆ ಸರಿಯಾಗಿ ಮೋಹನರಾಜನ ಕಡೆ ತಿರುಗಿ, "ತಗಿ," ಎಂದರು.

"ಹುಕುಂ ಯಾರದು ಸಾಬ್?"

"ನಂದ. ಬರಕೋ."

ಗೇಟು ತೆರೆಯಿತು. ಅಪ್ಪ ಹದಿನೆಂಟು ಸೈನಿಕರನ್ನು ಕರೆದುಕೊಂಡು ಹೊರಗೆ ಬಂದು ದಾರಿಯ ಎರಡೂ ಬದಿಗೆ ನಿಲ್ಲಿಸಿದರು. ಜನ ನಡುವೆ ಓಡಿ ಬಂದರು. ಮೋರಿಯ ಹತ್ತಿರವಿದ್ದ ಗುಂಪು ಈ ಬಂದೂಕುಗಳನ್ನು ನೋಡಿ ನಿಂತಿತು, ಸ್ವಲ್ಪ ಹೊತ್ತು ಬೈದಾಡಿತು, ಹೊಳೆಯ ಕಡೆಗೆ ಇಳಿದುಹೋಯಿತು. ನಮ್ಮವರು ಒಂದು ಗುಂಡನ್ನೂ ಹಾರಿಸಲಿಲ್ಲ. ನಿಮ್ಮ ನರ್ಸ್ ತಮ್ಮ ಫೋನಿನಲ್ಲಿ ಒಂದು ಫೋಟೋ ತೆಗೆದರು, ಸೌತ್‌ಲೇಕಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದು ಅದೇ. ಆರುನೂರ ಹನ್ನೆರಡು ಜನ ಒಳಗೆ ಬಂದರು. ಆ ಸಂಖ್ಯೆ ಸರಿ. ನೀವು ಹೇಳದ ಸಂಖ್ಯೆ ಹನ್ನೊಂದು. ಎಂಟು ಹತ್ತರಿಂದ ಒಂಬತ್ತರವರೆಗಿನ ಐವತ್ತು ನಿಮಿಷದಲ್ಲಿ, ಗೇಟಿನಿಂದ ಕಾಣುವ ಮೋರಿಯ ಹತ್ತಿರ, ಓಡಲಾರದೆ ಹಿಂದುಳಿದ ಹನ್ನೊಂದು ಜನ ಸತ್ತರು. "ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ" ಎಂದಿರಲ್ಲ, ನಿಮ್ಮ ಮಂಡಳಿಯಲ್ಲಿ ಒಂದು ಕ್ಷಣಕ್ಕೆ ಎಷ್ಟು ನಿಮಿಷ ಸ್ವಾಮಿ?

ಮೂರು ವಾರಕ್ಕೆ ಕಾಗದ ಬಂತು. ಅನುಮತಿಯಿಲ್ಲದೆ ನೆಲೆಯ ಭದ್ರತೆಗೆ ಧಕ್ಕೆ ತಂದದ್ದು, ಆದೇಶ ಉಲ್ಲಂಘನೆ, ಕೂಡಲೇ ವಾಪಸಾತಿ. ಅದರಲ್ಲಿ ಸತ್ತವರ ಮಾತಿಲ್ಲ. ಮೂರು ಸಲ ಅನುಮತಿ ಕೇಳಿದ ಮಾತೂ ಇಲ್ಲ. ದೇಶಕ್ಕೆ ಮರಳಿದ ಮೇಲೆ ಪಲ್ಟನ್ನಿನ ಕರ್ನಲ್ ಅಪ್ಪನನ್ನು ಕೂರಿಸಿ, ಎಲ್ಲ ಕೇಳಿ, ಚಹಾ ತರಿಸಿಕೊಟ್ಟು, "ಸುಬೇದಾರ್ ಸಾಬ್, ನಿಮ್ಮ ಜಾಗದಲ್ಲಿ ನಾನಿದ್ದರೂ ತೆರೆಯುತ್ತಿದ್ದೆ," ಎಂದರಂತೆ. ಆ ಒಂದು ಕಪ್ ಚಹಾದಷ್ಟು ನ್ಯಾಯವೂ ನಿಮ್ಮ ಇಡೀ ಸಂಸ್ಥೆಯಲ್ಲಿ ಸಿಗಲಿಲ್ಲ.

ಡಿಸೆಂಬರಿನಲ್ಲಿ ನಾನು ಒಂದು ದಿನ ರಜೆ ಹಾಕಿ ಆಸ್ಟಿನ್ನಿನ ನಿಮ್ಮ ಕಚೇರಿಗೆ ಹೋದೆ. ಆ ದಿನದ ರೇಡಿಯೋ ಸಂಭಾಷಣೆಯ ದಾಖಲೆ ಬೇಕೆಂದು ಕೇಳಿದೆ. ನಿಮ್ಮ ಸಿಬ್ಬಂದಿ ಬಹಳ ಸಭ್ಯರು. ನೀರು ಕೊಟ್ಟರು, ನಮೂನೆ ಕೊಟ್ಟರು, ಪೆನ್ನನ್ನೂ ಕೊಟ್ಟರು. ನಮೂನೆಯಲ್ಲಿ "ದೂರಿನ ಸ್ವರೂಪ" ಎಂಬಲ್ಲಿ ಗುರುತು ಹಾಕಲು ಆರು ಚೌಕಗಳಿದ್ದವು. ವಾಹನದ ಅಪಘಾತ, ಶಬ್ದಮಾಲಿನ್ಯ, ಸಿಬ್ಬಂದಿಯ ವರ್ತನೆ, ಇತ್ಯಾದಿ. ಜನ ಸಾಯುವಾಗ ಗೇಟು ತೆರೆಯಲಿಲ್ಲ ಎಂಬುದಕ್ಕೆ ಚೌಕವಿರಲಿಲ್ಲ. "ಇತರೆ" ಎಂಬಲ್ಲಿ ಗುರುತು ಹಾಕಿ ಬಂದೆ. ಎರಡು ವಾರಕ್ಕೆ ಉತ್ತರ ಬಂತು: ಕಡತ ಮುಕ್ತಾಯಗೊಂಡಿದೆ.

ನನ್ನ ಪತ್ರ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲದಿರಲು ಕಾರಣ ಅಪೇಕ್ಷಾ ಎಂಬ ಹುಡುಗಿ. ದಾವಣಗೆರೆಯವಳು, ಹೂಸ್ಟನ್ನಿನಲ್ಲಿ ಸಮಾಜಕಾರ್ಯದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಸೌತ್‌ಲೇಕಿನ ಸಭೆಗೆ ಗೆಳತಿಯರ ಜೊತೆ ಬಂದವಳು ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಿಶಿತಾಳ ಮಾತಿಗೆ ಎಲ್ಲರೂ ನಕ್ಕಾಗ ನಗದವಳು ಅವಳೊಬ್ಬಳೇ. ಜನವರಿಯಲ್ಲಿ ಸಂಘದವರಿಂದ ನನ್ನ ನಂಬರು ಪಡೆದು ಫೋನ್ ಮಾಡಿದಳು.

"ಆಂಟಿ, ನಾನು ಇಲ್ಲಿ ನಿರಾಶ್ರಿತರಾಗಿ ಬಂದವರಿಗೆ ಡ್ರೈವಿಂಗ್ ಪರೀಕ್ಷೆಯ ಇಂಗ್ಲಿಷ್ ಹೇಳಿಕೊಡ್ತೀನಿ. ಅವರಲ್ಲಿ ರೆಬೆಕಾ ಅಂತ ಒಬ್ಬರಿದಾರೆ. ಆ ಗೇಟಿನ ಕತೆ ಅವರ ಬಾಯಲ್ಲಿ ಕೇಳಿದೀನಿ. ಅಂಕಲ್ ಅವರನ್ನ ನೋಡಬೇಕಂತೆ."

ನನಗೆ ಖುಷಿಯಾಯಿತು. ಎಂಟು ವರ್ಷದ ಅವಮಾನಕ್ಕೆ ಕೊನೆಗೂ ಒಬ್ಬರು ಬಂದು ಕೈಮುಗಿಯುತ್ತಾರೆ ಎಂದುಕೊಂಡೆ. ಅಪ್ಪ ಮಾತ್ರ ಡೈರಿ ತೆಗೆದು ಮತ್ತೆ ಮುಚ್ಚಿಟ್ಟರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ತಾವಾಗಿ, "ಹೋಗೂಣು ನಡಿ," ಎಂದರು.

ಹೂಸ್ಟನ್ನಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ರೆಬೆಕಾ ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಮಾಡುತ್ತಾರೆ. ಮನೆ ಅಲ್ಲಿಂದ ಹತ್ತು ನಿಮಿಷ. ಭಾನುವಾರ ಬೆಳಿಗ್ಗೆ ನಾವು ಹೋದಾಗ ಬಾಗಿಲಲ್ಲೇ ನಿಂತಿದ್ದರು. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಅಪ್ಪನನ್ನು ತುಂಬ ಹೊತ್ತು ನೋಡಿದರು. ನಮ್ಮನ್ನು ಒಳಗೆ ಕೂರಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, ನಿಧಾನವಾಗಿ ಕೇಳಿದರು: "ಇಷ್ಟು ಹೊತ್ತು ಯಾಕೆ ತೆರೆಯಲಿಲ್ಲ?"

ನಾನು ಅನುವಾದಿಸಲು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ತಡೆದರು. ಅವರಿಗೆ ಅರ್ಥವಾಗಿತ್ತು.

ರೆಬೆಕಾ ಮುಂದುವರಿಸಿದರು. "ಜ್ವರ ಬಂದ ಮಗಳು ನನ್ನ ಸೊಂಟದ ಮೇಲಿದ್ದಳು. ನಾನು ಗೇಟಿನ ಸರಳು ಹಿಡಿದು ನಿಂತಿದ್ದೆ. ನೀವು ಒಳಗೆ ರೇಡಿಯೋ ಹಿಡಿದು ಓಡಾಡುತ್ತಿದ್ದಿರಿ. ನನ್ನ ತಾಯಿಗೆ ಓಡಲಾಗುತ್ತಿರಲಿಲ್ಲ. ಮೋರಿಯ ಹತ್ತಿರ ಕೂತುಬಿಟ್ಟಿದ್ದಳು. ಗೇಟು ತೆರೆದರೆ ಮಗುವನ್ನು ಒಳಗೆ ಬಿಟ್ಟು ವಾಪಸ್ ಹೋಗಿ ಕರೆತರೋಣ ಅಂತ ಕಾದೆ. ನೀವು ತೆರೆಯುವ ಹೊತ್ತಿಗೆ ಹೋಗಿ ಕರೆತರಲು ಯಾರೂ ಉಳಿದಿರಲಿಲ್ಲ."

"ಆರ್ಡರ್‌ಗೆ ಕಾಯ್ತಿದ್ದೆ," ಎಂದರು ಅಪ್ಪ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ.

"ಯಾರ ಆರ್ಡರ್?"

ಅಪ್ಪ ನಿಮ್ಮ ಹೆಸರು ಹೇಳಲಿಲ್ಲ. ನಾನು ಸಿಟ್ಟಿನಿಂದ, "ಹೇಳಪ್ಪಾ, ಯಾಕೆ ಅವರನ್ನ ಬಚಾವ್ ಮಾಡ್ತೀಯಾ?" ಎಂದೆ. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ರೇಡಿಯೋ ಅವ್ರ ಕೈಯಾಗ ಇತ್ತವಾ. ಗೇಟು ನನ್ನ ಕೈಯಾಗ ಇತ್ತು. ಅಕಿ ನನ್ನ ಕೇಳಾಕತ್ತಾಳ." ಆಮೇಲೆ ರೆಬೆಕಾ ಅವರ ಕಡೆ ನೋಡಿ, "ಮಾಫ್ ಮಾಡಿ. ತಡ ಮಾಡಿದೆ," ಎಂದು ಕೈಮುಗಿದರು. ನನ್ನ ಅಪ್ಪ ಅಳುವುದನ್ನು ನಾನು ಅವ್ವನ ಸಾವಿನಲ್ಲೂ ನೋಡಿರಲಿಲ್ಲ.

ರೆಬೆಕಾ ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಎದ್ದು ಹೋಗಿ ಅನ್ನ, ಹುರುಳಿ ಸಾರು ತಂದು ನಮ್ಮ ಮುಂದಿಟ್ಟರು. ಉಣ್ಣುವಾಗ ನಾನು ನಿಮ್ಮ ಮಂಡಳಿಯನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರು ನನ್ನನ್ನು ತಡೆದರು. "ಹಾಗೆ ಪೂರ್ತಿ ಬೈಯಬೇಡಿ. ಒಳಗೆ ಬಂದ ಮೇಲೆ ಅದೇ ಮಂಡಳಿಯ ನರ್ಸ್ ನನ್ನ ಮಗಳನ್ನು ಉಳಿಸಿದಳು. ಮೂರು ದಿನ ಅವಳು ಮಲಗಲಿಲ್ಲ. ಶಿಬಿರದಲ್ಲಿ ನಾಲ್ಕು ವರ್ಷ ನಮಗೆ ಅನ್ನ, ನೀರು ಕೊಟ್ಟವರೂ ಅವರೇ. ನನ್ನ ಮಗಳು ಓದಲು ಕಲಿತದ್ದು ಅವರ ಡೇರೆಯಲ್ಲಿ." ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತ, "ಅದಕ್ಕೇ ನನಗೆ ಸಿಟ್ಟು," ಎಂದರು. "ಕೆಟ್ಟವರಾಗಿದ್ದರೆ ನಾವು ಅವರ ಕಡೆಗೆ ಓಡುತ್ತಲೇ ಇರಲಿಲ್ಲ."

ಮಾನ್ಯರೇ, ನಿಮ್ಮ ಸಾಧನೆ, ನಿಮ್ಮ ಕೊರತೆ ಎರಡನ್ನೂ ಇದಕ್ಕಿಂತ ನ್ಯಾಯವಾಗಿ ಹೇಳಲು ನನಗೆ ಬರುವುದಿಲ್ಲ. ಇಂಥ ಸಂಸ್ಥೆಗಳೇ ದಂಡ, ಎಲ್ಲ ಮುಚ್ಚಿಬಿಡಿ ಎಂದು ಕಾಯುತ್ತಿರುವವರು ಈ ಪತ್ರವನ್ನೂ ಎತ್ತಿಕೊಂಡು ಕುಣಿಯಬಹುದೆಂದು ನನಗೆ ಗೊತ್ತು. ಅವರಿಗೆ ನಾನು ಒಂದು ಅಕ್ಷರವನ್ನೂ ಬರೆದುಕೊಟ್ಟಿಲ್ಲ. ನಿಮ್ಮ ಆ ನರ್ಸ್ ಮುಂದೆ ನಾನು ತಲೆಬಾಗುತ್ತೇನೆ. ಮಕ್ಕಳ ಬಾಯಿಗೆ ಲಸಿಕೆಯ ಹನಿ ಹಾಕಲು ಕೆಸರಿನಲ್ಲಿ ನಡೆಯುವ ನಿಮ್ಮವರ ಮುಂದೆಯೂ ತಲೆಬಾಗುತ್ತೇನೆ. ನನ್ನ ಜಗಳ ನಿಮ್ಮೊಂದಿಗೆ. ಕೆಳಗಿನವರ ಧೈರ್ಯ ಮೇಲೆ ಬಂದರೆ "ಸಂಸ್ಥೆಯ ನಿರ್ಧಾರ"ವಾಗುತ್ತದೆ, ಮೇಲಿನವರ ಹೇಡಿತನ ಕೆಳಗೆ ಹೋದರೆ "ಶಿಸ್ತುಭಂಗ"ವಾಗುತ್ತದೆ. ಇದು ಯಾವ ಲಿಫ್ಟು ಸ್ವಾಮಿ, ಹೊಗಳಿಕೆಯನ್ನು ಮೇಲಕ್ಕೆ ಮಾತ್ರ ಒಯ್ಯುವುದು, ತಪ್ಪನ್ನು ಕೆಳಕ್ಕೆ ಮಾತ್ರ ಇಳಿಸುವುದು? ಅಂದು ರೇಡಿಯೋ ಶಿಸ್ತು ಕಲಿಸಿದವರು ಈಗ ನಿರ್ದೇಶಕರು. ಗೇಟು ತೆರೆದವರು ಊರಿನಲ್ಲಿ ಎಂಟು ವರ್ಷ ತಲೆ ತಗ್ಗಿಸಿ ನಡೆದರು. ಇದಕ್ಕೂ ನೀವು ಕಾರ್ಯಾಗಾರ ನಡೆಸಿ, "ಕಲಿತ ಪಾಠಗಳು" ಎಂಬ ಪುಸ್ತಕ ತಂದಿರಬಹುದು. ಪಾಠ ಕಲಿಯುವವರು ನೀವು, ಶುಲ್ಕ ತೆರುವವರು ಮೋರಿಯ ಹತ್ತಿರ ಕೂತವರು.

ಅಂದು ಊಟವಾದ ಮೇಲೆ ಅಪ್ಪ ಜೇಬಿನಿಂದ ಡೈರಿ ತೆಗೆದು, ಸತ್ತವರ ಹೆಸರು ಹೇಳುತ್ತೀರಾ ಎಂದು ರೆಬೆಕಾ ಅವರನ್ನು ಕೇಳಿದರು. ಎಂಟು ವರ್ಷ ಅವರಿಗೆ ಗೊತ್ತಿದ್ದದ್ದು ಎಷ್ಟು ಜನ ಎಂಬುದು ಮಾತ್ರ. ರೆಬೆಕಾ ಒಂದೊಂದೇ ಹೇಳಿದರು. ಅಪ್ಪ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಸರಿಯಾಗಿ ಬರೆದಿದ್ದೇನೆಯೇ ಎಂದು ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ ಕೇಳಿದರು. ಎರಡು ಕಡೆ ರೆಬೆಕಾ ತಿದ್ದಿದರು.

ವಾಪಸ್ ಬರುವಾಗ ದಾರಿಯಲ್ಲಿ ನಾನು, "ನಿನ್ನ ಮೇಲಿನ ಆ ಕಾಗದ ರದ್ದು ಮಾಡಿಸ್ತೀನಿ, ಪದಕ ಕೊಡಿಸ್ತೀನಿ," ಎಂದೆ.

"ಬ್ಯಾಡ," ಎಂದರು ಅಪ್ಪ. "ಹುಕುಂ ಮುರದೀನಿ, ಖರೇ ಐತಿ. ಆ ಕಾಗದ ಇರಲಿ. ತಡ ಮಾಡಿದ್ದಕ್ಕ ಯಾರ ಮ್ಯಾಲೂ ಕಾಗದ ಇಲ್ಲಲ್ಲ ಮಗಳ, ಅದು ಬರೀಬೇಕು."

ಬರೆದರು. ಮರುದಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಕೂತು, ಬೆಳಗ್ಗಿನಿಂದ ಸಂಜೆಯವರೆಗೆ, ಎರಡು ಪುಟ. ಎಂಟೂ ನಲವತ್ತರಿಂದ ಒಂಬತ್ತರವರೆಗೆ ತಾವೇಕೆ ಕಾದರು ಎಂದು ಯಾರ ಮೇಲೂ ಹೊರಿಸದೆ ಬರೆದಿದ್ದಾರೆ. ಪಿಂಚಣಿ ಹೋದೀತೆಂಬ ಭಯ ಇತ್ತು, ಹೆಸರು ಕೆಟ್ಟೀತೆಂಬ ಭಯ ಇತ್ತು, ಮೇಲಿನವರು ಏನೋ ಯೋಚಿಸಿಯೇ ಹೇಳಿರುತ್ತಾರೆಂಬ ನಂಬಿಕೆ ಇತ್ತು ಎಂದು ಬರೆದಿದ್ದಾರೆ. ಕೆಳಗೆ ಸಹಿ ಹಾಕಿದ್ದಾರೆ. ನಾನು ಇಂಗ್ಲಿಷಿಗೆ ಅನುವಾದಿಸಿದ್ದೇನೆ. ಒಂದೊಂದು ಪ್ರತಿ ರೆಬೆಕಾ ಅವರ ಮೂಲಕ ಹನ್ನೊಂದು ಕುಟುಂಬಗಳಿಗೂ ಹೋಗಿದೆ. ಮೂರು ಮನೆಗಳಿಂದ ಉತ್ತರವೂ ಬಂದಿದೆ. ಒಂದರಲ್ಲಿ ಬೈಗುಳವೇ ತುಂಬಿದೆ. ಅಪ್ಪ ಅದನ್ನೂ ಮಡಚಿ ಡೈರಿಯಲ್ಲಿಟ್ಟುಕೊಂಡಿದ್ದಾರೆ.

ಈಗ ನಾನು ಕೇಳುವುದು ಇಷ್ಟು. ಆ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗಿನ ರೇಡಿಯೋ ದಾಖಲೆಯನ್ನು ಒಂದು ಪದವನ್ನೂ ಅಳಿಸದೆ ಪ್ರಕಟಿಸಿ. ಅದಾಗುವವರೆಗೆ ನನ್ನ ಅಪ್ಪನ ಬೆನ್ನನ್ನು ನಿಮ್ಮ ಪರದೆಯಿಂದ ಕೆಳಗಿಳಿಸಿ. ಮೂರು ಸಲ ಬಂದ ಕೋರಿಕೆಗೆ ಮೂರು ಸಲವೂ ಹೂಂ ಅನ್ನದವನು ನಾನು ಎಂದು, ಯಾಕೆ ಅನ್ನಲಿಲ್ಲ ಎಂದು, ನಿಮ್ಮ ಹೆಸರಿನಲ್ಲಿ ಆ ಹನ್ನೊಂದು ಮನೆಗಳಿಗೆ ಬರೆಯಿರಿ. ನಿಮ್ಮ ಹತ್ತಿರ ಸರಿಯಾದ ಕಾರಣವೇ ಇದ್ದಿರಬಹುದು. ಇದ್ದರೆ ಅವರಿಗೆ ಹೇಳಿ. ಎಂಟು ವರ್ಷದಿಂದ ಅವರಿಗೆ ಒಂದೇ ಒಂದು ಕಾರಣವನ್ನೂ ಯಾರೂ ಹೇಳಿಲ್ಲ. ಪದಕ ಬೇಡ, ಸನ್ಮಾನ ಬೇಡ, ಶಾಲು ಹಾರ ಮೊದಲೇ ಬೇಡ.

ಅಪ್ಪನ ಹೇಳಿಕೆಯನ್ನು, ಮೋಹನರಾಜ ಅವರ ಪತ್ರವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಮೂರನೆಯ ಹಾಳೆಯಲ್ಲಿ ಆ ಹನ್ನೊಂದು ಹೆಸರುಗಳಿವೆ. ಮೊದಲನೆಯದು ರೆಬೆಕಾ ಅವರ ತಾಯಿಯದು. ಕೊನೆಯದು ಆರು ವರ್ಷದ ಮಗುವಿನದು. ಅವನ್ನು ನಿಮ್ಮ ಸಹಾಯಕರ ಕೈಗೆ ಕೊಡಬೇಡಿ. ನೀವೇ ಬಾಗಿಲು ಹಾಕಿಕೊಂಡು, ಒಂದೊಂದಾಗಿ, ಗಟ್ಟಿಯಾಗಿ ಓದಿ. ಆಮೇಲೆ ಉತ್ತರ ಬರೆಯಲು ಕೂರಿ.

ಇಂತಿ,
ನಿಮ್ಮಂಥವರಿಂದ ಉತ್ತರ ಬಂದೀತೆಂದು ಇನ್ನೂ ನಂಬುವಷ್ಟು ದಡ್ಡಿಯಾದ,
ಕುಮುದಾ ಬಾಳಪ್ಪ ಕಲ್ಲೋಳಿ
ಫಾರ್ಮರ್ಸ್ ಬ್ರಾಂಚ್, ಟೆಕ್ಸಾಸ್